ಹೆರಿಗೆ ತರಗತಿಗೆ ಹೋದ ಮಾವ

ಹೆರುವುದೊಂದನ್ನು ಬಿಟ್ಟರೆ ಹೆರಿಗೆಯ ಬಗ್ಗೆ ನಮ್ಮ ಮಾವನವರಿಗೆ ತಿಳಿಯದಿದ್ದ ಸಂಗತಿಯೇ ಇರಲಿಲ್ಲ. ದಯವಿಟ್ಟು ನಗಬೇಡಿ, ನಗುವ ಹಕ್ಕು ಅವರ ಜೊತೆ ಬಾಳಿದವರಿಗೆ ಮಾತ್ರ!

ಆಗ ತೊಂಬತ್ತರ ದಶಕದ ಕೊನೆ. ನಾನು ಚೊಚ್ಚಲ ಬಸುರಿ. ಯಜಮಾನರಿಗೆ ಬಳ್ಳಾರಿಯಲ್ಲಿ ನೌಕರಿ. ನನ್ನ ತಾಯಿ ಹಾಸಿಗೆ ಹಿಡಿದಿದ್ದರಿಂದ ಹೆರಿಗೆ, ಬಾಣಂತನ ಎಲ್ಲವೂ ಗುಬ್ಬಿಯ ಅತ್ತೆಮನೆಯಲ್ಲೇ ಎಂದು ತೀರ್ಮಾನವಾಗಿತ್ತು. ನಮ್ಮ ವಂಶದಲ್ಲೇ ಮೊದಲು ಪದವಿ ಪಡೆದವಳಾದ ನನಗೆ ನೋವಿಗಿಂತ ದೊಡ್ಡ ಭಯವೊಂದಿತ್ತು. ಹೆರಿಗೆ ಕೋಣೆಯಲ್ಲಿ ಊರೇ ಕೇಳುವಂತೆ ಕಿರುಚಿ, ಅಷ್ಟು ಕಷ್ಟಪಟ್ಟು ಗಳಿಸಿದ ಮರ್ಯಾದೆಯನ್ನು ಕಳೆದುಕೊಂಡರೆ ಗತಿಯೇನು?

ತುಮಕೂರಿನ ನರ್ಸಿಂಗ್ ಹೋಮೊಂದರಲ್ಲಿ ಭಾನುವಾರ ಗರ್ಭಿಣಿಯರಿಗೆ ತರಗತಿ ನಡೆಯುತ್ತಿತ್ತು. ಮನೆಯವರೊಬ್ಬರು ಜೊತೆಗಿರಬೇಕೆಂಬ ನಿಯಮ. ಅತ್ತೆಯವರನ್ನು ಕರೆದೆ.

"ಹೆರೋದ್ನೂ ಸ್ಕೂಲಲ್ಲಿ ಕಲಿಸ್ತಾರೇನೇ? ಥೂ, ನಂಗೆ ನಾಚ್ಕೆ ಆಯ್ತದೆ!"

ನಾಚಿಕೆಯ ಪರಿಚಯವೇ ಇಲ್ಲದ ಮಾವನವರು ಎದ್ದು ಅಂಗಿ ತೊಟ್ಟರು. ಕುಣಿಗಲ್ ಮಾರ್ಗದ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದ ಅವರಿಗೆ ಎಲ್ಲಿಗಾದರೂ ಸರಿ, ಹೊರಡುವುದೇ ಹಬ್ಬ!

ಕೋಣೆಯ ತುಂಬ ಬಸುರಿಯರು. ಗೋಡೆಯ ಪಕ್ಕ ತಲೆ ತಗ್ಗಿಸಿದ ಗಂಡಂದಿರು. ಮುಂದಿನ ಸಾಲಿನಲ್ಲಿ ನಮ್ಮ ಮಾವ! ಗರ್ಭಕೋಶದ ಬಾಯಿ ತೆರೆದುಕೊಳ್ಳುವ ಚಿತ್ರವನ್ನು ಸಿಸ್ಟರ್ ತೋರಿಸುತ್ತಿದ್ದಂತೆಯೇ ಇವರ ಕೈ ಮೇಲೆದ್ದಿತು.

"ಸಿಸ್ಟ್ರೇ, ಬಾಗ್ಲು ಪೂರ್ತಿ ತೆಗೆಯೋಕ್ ಮುಂಚೇನೇ ತಳ್ಳುದ್ರೆ?"

"ತಳ್ಳಬಾರ್ದು ಯಜಮಾನ್ರೇ, ತಾಯಿ ಸುಮ್ನೆ ಸುಸ್ತಾಗ್ತಾಳೆ."

"ಸರ್ವಿಸ್ ಪೂರ್ತಿ ಪ್ಯಾಸೆಂಜರ್‌ಗೆ ನಾನೂ ಅದನ್ನೇ ಬಡ್ಕೊಂಡೆ ಕಣವ್ವ!"

ಗಂಡಂದಿರೂ ತಲೆಯೆತ್ತಿ ನಕ್ಕರು. ನಾನು ಸೆರಗಿನೊಳಗೆ ಅಡಗಿದೆ.

ಮೂಗಿನಿಂದ ಎಳೆದು ಬಾಯಿಂದ ಬಿಡುವ ಉಸಿರಾಟವನ್ನು ಅವರು ಜಗಲಿಯ ಮೇಲೆ ಕುಳಿತು ನನಗಿಂತ ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಹಿಂದಿನ ಬೀದಿಯವರೊಬ್ಬರು ಪಾಪ, ಉಬ್ಬಸದ ಔಷಧಿ ತಂದುಕೊಟ್ಟರು. "ಉಬ್ಸ ಅಲ್ಲ ಕಣಯ್ಯ, ಹೆರಿಗೆ!" ಎಂದರು ಮಾವ. ಆ ಮಹನೀಯರು ಆಮೇಲೆ ನಮ್ಮ ಬೀದಿಯನ್ನೇ ಬಿಟ್ಟು ಸುತ್ತಿ ಬಳಸಿ ಹೋಗುತ್ತಿದ್ದರು.

ಕುಕ್ಕರುಗಾಲಿನಲ್ಲಿ ಕೂರುವುದು ಒಳ್ಳೆಯದೆಂದು ಸಿಸ್ಟರ್ ಹೇಳಿದ್ದೇ ತಡ, ಮಾವ ಮನೆಗೆ ಬಂದು ಅದನ್ನು ಕುಳಿತು ತೋರಿಸಲು ಹೋದರು, ಏಳಲಾಗಲಿಲ್ಲ. ತುಂಬು ಬಸುರಿಯಾದ ನಾನೇ ಕೈಕೊಟ್ಟು ಎಬ್ಬಿಸಬೇಕಾಯಿತು! ಅಡುಗೆಮನೆಯಿಂದ ಅತ್ತೆಯವರ ದನಿ ಬಂತು: "ಎಷ್ಟು ತಿಂಗ್ಳು ಕಣ್ರೀ ನಿಮ್ಗೆ? ಏಳೋ, ಎಂಟೋ?"

ಕಡೆಗೂ ನೋವು ಶುರುವಾಯಿತು. ಮಾವ ಗಡಿಯಾರ ಹಿಡಿದು ನಿಂತರು. "ಇನ್ನೂ ದೂರ ದೂರಕ್ ಬತ್ತಾವೆ. ಇದು ಹೆಬ್ಬೂರು ಬಸ್ಸು. ಸಿಟಿ ಬಸ್ ಥರ ಒಂದರ ಹಿಂದೆ ಒಂದು ಬರ್ಲಿ, ಹೊರಡಾನ." ಅಲ್ಲಿಯವರೆಗೆ ಅಂಗಳದಲ್ಲಿ ನಡೆಸಿದರು. ಆಮೇಲೆ ಟ್ಯಾಕ್ಸಿ; ತುಮಕೂರಿನವರೆಗೂ ರಸ್ತೆಯ ಪ್ರತಿ ಉಬ್ಬಿಗೂ ಡ್ರೈವರನಿಗೆ ಬೈಗುಳ.

ಹೆರಿಗೆ ಕೋಣೆಗೆ ಗಂಡಸರಿಗೆ ಪ್ರವೇಶವಿರಲಿಲ್ಲ. ಆದರೆ ದನಿಗೆ ಯಾವ ಬಾಗಿಲು ಅಡ್ಡ? "ಈಗಲೇ ಮುಕ್ಕಬೇಡಮ್ಮ" ಎಂದು ಡಾಕ್ಟರ್ ಹೇಳಿದರೆ ಹೊರಗಿನಿಂದ "ಹೋಲ್ಡಾನ್! ಹೋಲ್ಡಾನ್!" ಎಂಬ ಕೂಗು. ನರ್ಸ್ ಬೆಚ್ಚಿದಳು. "ಯಾರ್ರೀ ಅದು?" "ನಮ್ಮ ಮಾವ" ಎಂದೆ, ಅದೇ ನನ್ನ ಕೊನೆಯ ಸಭ್ಯ ವಾಕ್ಯ. ಮುಂದೆ ನಾನು ಕಿರುಚಿದ್ದಕ್ಕೆ ಪದವಿಯೂ ಇಲ್ಲ, ಮರ್ಯಾದೆಯೂ ಇಲ್ಲ! "ಈಗ ಮುಕ್ಕಮ್ಮ" ಎಂದರು ಡಾಕ್ಟರ್. "ರೈಟ್, ರೈಟ್!" ಎಂಬ ಕೂಗಿಗೆ ಕಿವಿಗೊಟ್ಟೆ. ಅದು ಕೇಳಿಸಲಿಲ್ಲ. ಹೊರಗೆ ಸದ್ದಡಗಿತ್ತು.

ಹೆಣ್ಣುಮಗು. ಮಧ್ಯಾಹ್ನ ವಾರ್ಡಿಗೆ ಅತ್ತೆ, ಮಾವ ಇಬ್ಬರೂ ಬಂದರು. ನಾನು ನಾಚಿಕೆಯಿಂದ ನಿದ್ದೆ ಬಂದವಳಂತೆ ಮಲಗಿದೆ.

"ಸೊಸೆ ಕೂಗಿದ್ ಕೇಳಿ ನನ್ ಕೈಕಾಲೇ ತಣ್ಗಾದ್ವು ಕಣೇ," ಎಂದರು ಮಾವ, ಎಂದೂ ಕೇಳದ ಸಣ್ಣ ದನಿಯಲ್ಲಿ. "ನೀನೂ ಹಿಂಗೇ ಕೂಗ್ತಿದ್ದಾ?"

"ಕೂಗ್ದೆ ಇರ್ತಾರಾ? ನಾಕು ಸಲಾನೂವೆ ನಿಮ್ ಹೆಸ್ರು ಹಿಡ್ದೇ ಕೂಗಿದ್ದೆ. ನೀವು ಡ್ಯೂಟಿ ಮ್ಯಾಲಿದ್ರಿ."

ಗಂಡನ ಹೆಸರನ್ನು ಅತ್ತೆಯವರ ಬಾಯಲ್ಲಿ ನಾವು ಯಾರೂ ಒಮ್ಮೆಯೂ ಕೇಳಿರಲಿಲ್ಲ.

ಸ್ಟೂಲು ಹತ್ತಿರಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಮಾವ ಹೇಳಿದರು: "ಈಗೊಂದ್ಸಲ ಕರಿ. ಬಂದಿದೀನಲ್ಲ."

ಅತ್ತೆಯವರು ನನ್ನ ಕಡೆ ತಿರುಗಿದ್ದು ಬಳೆಯ ಸದ್ದಿನಿಂದ ತಿಳಿಯಿತು. ನಾನು ಕಣ್ಣುಗಳನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡೆ.