ಪೊಟ್ಯಾಸಿಯಂ ಮಾಮಾ

ಕೂಡಿಬಂದಿದ್ದ ನನ್ನ ಮದುವೆಯನ್ನು ಒಂದು ಲೋಟ ಪಾಲಕ ರಸದಿಂದ ಮುರಿದವರು ನಮ್ಮ ಸೋದರಮಾವ. ಶತ್ರುಗಳಿಗೆ ಇಂಥ ಉಪಾಯ ಹೊಳೆಯುವುದಿಲ್ಲ. ಅದಕ್ಕೆ ಅಕ್ಕರೆಯ ಜನವೇ ಬೇಕು!

ಮಾಮಾ ಹುಬ್ಬಳ್ಳಿಯ ಡಾಕ್ಟರರೊಬ್ಬರ ಬಳಿ ಕಂಪೌಂಡರ್. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಆ ಡಾಕ್ಟರರ ಬಾಯಿಂದ ಪೊಟ್ಯಾಸಿಯಂ ಎಂಬ ಶಬ್ದ ಬಿತ್ತು. ಮಾಮಾ ಅದನ್ನು ನೆಲ ಮುಟ್ಟಗೊಡದೆ ಹಿಡಿದುಕೊಂಡರು. ಸ್ನಾಯುಗಳ ಬಲವೆಲ್ಲ ಅದರಲ್ಲೇ ಇದೆಯಂತೆ, ವಾಂತಿಭೇದಿಯಾದರೆ ಅದೇ ಸೋರಿಹೋಗುತ್ತದಂತೆ. ಅಂದಿನಿಂದ ಪ್ರತಿ ರವಿವಾರ ಧಾರವಾಡದ ನಮ್ಮ ಮನೆಗೆ ಚೀಲ ಹೊತ್ತು ಬರತೊಡಗಿದರು. ಬಾಳೆಹಣ್ಣು, ಗೆಣಸು, ಟಮಾಟಿ ಸರಿ. ಆದರೆ ಆಲೂಗಡ್ಡೆಯನ್ನು ಸಿಪ್ಪೆ ಸಹಿತ ತಿನ್ನಬೇಕು. ಅವ್ವ ಒಮ್ಮೆ ಸೊಪ್ಪು ಬೇಯಿಸಿದ ನೀರನ್ನು ಮೋರಿಗೆ ಚೆಲ್ಲಿದಾಗ, ಮನೆಯಲ್ಲಿ ಯಾರೋ ತೀರಿಕೊಂಡಂತೆ ಮಾಮಾ ಮೋರಿಯ ಮುಂದೆ ಕೂತುಬಿಟ್ಟರು. ಪಾಲಕವನ್ನು ಒರಳಿನಲ್ಲಿ ಅರೆದು, ಧೋತರದ ತುಂಡಿನಲ್ಲಿ ಹಿಂಡಿ ಎಲ್ಲರಿಗೂ ಕುಡಿಸುತ್ತಿದ್ದರು. ಸಕ್ಕರೆಗೆ ರೇಷನ್ ಇತ್ತು. ಕಹಿಗೆ ಸರಕಾರದ ಬೆಂಬಲವೂ ಸಿಕ್ಕಿತು.

ಗದಗಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಿ, ಒಪ್ಪಿ, ಮಾತುಕತೆಗೆಂದು ಮತ್ತೆ ಬಂದ ದಿನ ಅವ್ವ ಚಹಾ ಸೋಸುತ್ತಿರುವಾಗಲೇ ಮಾಮಾ ಹಸಿರು ಲೋಟ ಹಿಡಿದು ಪಡಸಾಲೆಗೆ ನುಗ್ಗಿದರು. ಹುಡುಗ ಸಂಕೋಚದಿಂದ ಕುಡಿದ. ಮಾಮಾ ಅಷ್ಟಕ್ಕೇ ಬಿಟ್ಟರೇ? ಅವನ ತೊಡೆ ಒತ್ತಿ ನೋಡಿ, ನಾಲ್ಕು ಬಸ್ಕಿ ಹೊಡೆಯಲು ಹೇಳಿದರು. ಎರಡನೆಯ ಬಸ್ಕಿಗೆ ಹುಡುಗ ಜಮಖಾನೆಯ ಮೇಲೆಯೇ ವಾಂತಿ ಮಾಡಿಕೊಂಡ.

"ನೋಡ್ರಿ, ಇದ್ದಷ್ಟೂ ಪೊಟ್ಯಾಸಿಯಂ ಹೋತು," ಎಂದರು ಮಾಮಾ.

ಸಂಬಂಧವೂ ಹೋಯಿತು. ಓಣಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ಹುಡುಗ ನನಗೆ ಹಿಡಿಸಿದ್ದ. ಇನ್ನೊಂದು ಸಂಬಂಧ ಬರಲೂ ಇಲ್ಲ. ಒಂದು ವರ್ಷ ನಾನು ಮಾಮಾನ ಜೊತೆ ಮಾತಾಡಲಿಲ್ಲ. ಅವರು ಬಾಗಿಲ ಬಳಿ ಇಟ್ಟುಹೋದ ರಸವನ್ನು ಹಿತ್ತಲಿನ ಮಲ್ಲಿಗೆಗೆ ಸುರಿಯುತ್ತಿದ್ದೆ. ಬಳ್ಳಿ ನನಗಿಂತ ಚೆನ್ನಾಗಿ ಬೆಳೆಯಿತು.

ಮರುಬೇಸಿಗೆಯಲ್ಲಿ ನನಗೆ ವಾಂತಿಭೇದಿ ಹತ್ತಿತು. ಜೀವ ಉಳಿಯಿತು, ಕಾಲು ಮಾತ್ರ ನಿಲ್ಲಲೊಲ್ಲವು. ಗಂಜಿ, ಎಳನೀರು, ಹಣ್ಣಿನ ರಸ ಕೊಡಬೇಕೆಂದು ಡಾಕ್ಟರು ಹೇಳಿದ್ದೇ ತಡ, ಮಾಮಾ ರಜೆ ಹಾಕಿ ಬಂದರು. ಚಮಚೆಯಿಂದ ಮೂಸಂಬಿ ರಸ ಕುಡಿಸುವಾಗ ಒಂದೂ ಉಪದೇಶ ಮಾಡಲಿಲ್ಲ. ನಾನು ಗೋಡೆ ನೋಡುತ್ತ ನುಂಗುತ್ತಿದ್ದೆ.

ಹತ್ತನೆಯ ದಿನ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಎರಡೂ ಕೈ ಚಾಚಿ, ನನ್ನ ಪಾದಗಳನ್ನೇ ನೋಡುತ್ತ ತಾವು ಹಿಂದೆ ಹಿಂದೆ ನಡೆದರು. ನಾನು ಒಂದೊಂದೇ ಹೆಜ್ಜೆ ಮುಂದಿಟ್ಟೆ. ಪಡಸಾಲೆ ಮುಗಿಯುತ್ತ ಬಂತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ಮಾಮಾ," ಎಂದೆ, "ಹಿಂದ ಮೆಟ್ಟಲಾ ಅದ. ಸಾವಕಾಶ."