ಕೆಳಗಿನ ಓಣಿಯ ನಳವೂ ಗಾಳೆವ್ವನ ಹೂಂಗುಟ್ಟೂ

"ಆರನೇ ಇಯತ್ತೆ ಮುಗಸಲಾರದ ಸಾಲಿ ಬಿಟ್ಟವ ವಿಡಿಯೋ ತೆಗಿತಾನಂತ! ಕಥಿ ಹೇಳೂದಂದ್ರ ಟ್ಯೂಬಿಗೆ ಪಂಚರ್ ಹಚ್ಚಿದಂಗಲ್ಲೋ ತಮ್ಮಾ!"

ಪಂಚಾಯ್ತಿಸದಸ್ಯಕುಲತಿಲಕನೂ ಇಸ್ತ್ರಿಶುಭ್ರಾಂಬರಧಾರಿಯೂ ಆದ ಹುಚ್ಚೀರಪ್ಪನು ಸಮುದಾಯಭವನದ ತುಂಬಿದ ಸಭೆಯಲ್ಲಿ ಹೀಗೆ ನುಡಿಯಲು, ಪ್ಲಾಸ್ಟಿಕ್ ಕುರ್ಚಿಗಳೂ ಕಿಸಕ್ಕೆಂದವು.

ಎಲೈ ವಾಗ್ದೇವಿಯೇ, ಒಂದೇ ಗೆರೆ ಸಿಗ್ನಲ್ಲಿನ ಮೇಲೂ ವಿಹರಿಸಬಲ್ಲವಳೇ, ನುಡಿಸು! ಕಲಿಯುಗದೊಳಗೆ ಮೊಬೈಲುಯುಗವು ಪ್ರವರ್ತಿಸುತ್ತಿರಲು, ಪಟ್ಟಣದ ಸಂಸ್ಥೆಯೊಂದು ಕಿರುಮರಡಿ ಗ್ರಾಮಕ್ಕೆ ಬಂದು, ನಿಮ್ಮೂರಿನ ಕಥೆಯನ್ನು ನಿಮ್ಮ ದನಿಯಲ್ಲೇ ಎರಡು ನಿಮಿಷದ ವಿಡಿಯೋ ಮಾಡಿರಿ, ತಾಲೂಕಿನ ಸಾಹೇಬರಿಗೆ ಪರದೆಯ ಮೇಲೆ ತೋರಿಸೋಣ ಎಂದು ಶಿಬಿರ ಹೂಡಿದ ಪುಣ್ಯಕಾಲದಲ್ಲಿ, ಕ್ರೋಧಾಗ್ನಿಕುಂಡನೂ ಪಂಚರಂಗಡಿಚಕ್ರವರ್ತಿಯೂ ಆದ ಯಮನೂರಪ್ಪನು ಮೆರೆದ ಬಗೆಯನ್ನು ನುಡಿಸು!

ಅವನ ಕಥೆ ಒಂದು ನಳದ್ದು. ಕೆಳಗಿನ ಓಣಿಯ ಆ ನಿರ್ಜಲ ಲೋಹಸ್ತಂಭಕ್ಕೆ ಈಗ ಎಮ್ಮೆಯ ಕರು ಕಟ್ಟುತ್ತಾರೆ. ಅವನ ಅಜ್ಜಿ ಗಾಳೆವ್ವ ದಿನಾ ಹಳ್ಳ ದಾಟಿ ಬಾವಿಯಿಂದ ಕೊಡ ಹೊತ್ತು ತರುತ್ತಾಳೆ. ಸಾಹೇಬರ ಕಣ್ಣಿಗೆ ಬಿದ್ದರೆ ನೀರು. ಇಲ್ಲದಿದ್ದರೆ ಅವಳ ಮೊಣಕಾಲಿಗೆ ಆ ಹಳ್ಳವೇ ಗತಿ.

"ನಾ ಸಾಲಿ ಬಿಟ್ಟಿರಬೌದು, ಸಿಟ್ಟು ಬಿಟ್ಟಿಲ್ಲ!" ಎಂದು ವೀರನು ಮನೆಯಂಗಳದಲ್ಲಿ ಮೊಬೈಲೆತ್ತಿ ಗರ್ಜಿಸಿದನು. "ಲಾರಿ ಟೈರಿನ್ಯಾಗ ಹೊಕ್ಕ ಮೊಳಿ ಹುಡುಕಿ ಕಿತ್ತವ ನಾ. ಆ ಹುಚ್ಚೀರಪ್ಪನ ಗಾಳಿ ತಗೀಲಿಲ್ಲಂದ್ರ ನನ್ನ ಹೆಸರು ಯಮನೂರಪ್ಪ ಅಲ್ಲ!"

ದನಿ ಮುದ್ರಿಸುವಾಗ ಬೇರೆ ಸದ್ದು ಸೇರಕೂಡದೆಂದು ಶಿಬಿರದ ಮೇಡಂ ಕಟ್ಟಪ್ಪಣೆ ಮಾಡಿದ್ದರು. ಗುಂಡಿ ಒತ್ತಿದನು.

"ಕೆಳಗಿನ ಓಣ್ಯಾಗ ಒಂದು ನಳ ಇತ್ತು."

"ಹೂಂ" ಎಂದಳು ಪಕ್ಕದಲ್ಲಿ ಕುಳಿತ ಗಾಳೆವ್ವ.

ಹತವಾಯಿತು ರೆಕಾರ್ಡಿಂಗು!

"ಯಮ್ಮಾ, ಸುಮ್ಮನ ಕುಂದ್ರಬೇ!"

"ಹೂಂ ಅನ್ನೋರಿಲ್ಲಂದ್ರ ಕಥಿ ಸಾಯ್ತೈತೋ ಮಗನ. ಒಬ್ಬನ ಮಾತಾಡಿದ್ರ ಹುಚ್ಚ ಅಂತಾರ."

ಅವಳನ್ನು ಹೊರಗಟ್ಟಿದನು. ಅಕಟಾ, ಎರಡನೆಯ ವಾಕ್ಯ ಗಂಟಲು ದಾಟದು! ತೊಟ್ಟಿಲಿನಿಂದಲೂ ಆ ಹೂಂಗುಟ್ಟಿನ ಊರುಗೋಲು ಹಿಡಿದೇ ನಡೆದ ನಾಲಗೆ ಅದು. ಮತ್ತೆ ಕರೆತಂದನು, ಮತ್ತೆ ಹೂಂ. ಬೈದನು, ಬೈಗುಳಕ್ಕೂ ಹೂಂ. ದಿನಮಣಿಯು ಅಸ್ತಾಚಲಕ್ಕೂ ಬ್ಯಾಟರಿಯು ರಸಾತಳಕ್ಕೂ ಇಳಿಯುತ್ತಿರಲು, ಕೊನೆಗೆ ಹೂಂ ಸಮೇತವೇ ವಿಡಿಯೋವನ್ನು ಮೇಡಂಗೆ ಒಪ್ಪಿಸಿ, ನಾಳೆ ಮಾನ ಹೋಯಿತೆಂದೇ ಮಲಗಿದನು.

ಮರುದಿನ ಸಭೆ. ಮುಂದಿನ ಸಾಲಿನಲ್ಲಿ ಸಾಹೇಬರು, ಪಕ್ಕದಲ್ಲಿ ಹುಚ್ಚೀರಪ್ಪ. ಪರದೆಯ ಮೇಲೆ ಕರು ಮೂಡಿತು, ನಳ ಮೂಡಿತು. "ಹೂಂ" ಎಂದಿತು ಗಾಳೆವ್ವನ ದನಿ. ಹಿಂದೆ ಕುಳಿತ ಮುದುಕಿಯರೂ "ಹೂಂ" ಎಂದರು. ಮೂರನೆಯ ವಾಕ್ಯಕ್ಕೆ ಇಡೀ ಸಭೆಯೇ ಹೂಂಗುಟ್ಟತೊಡಗಿತು.

"ನಮ್ಮ ಓಣಿಗೆ ಹನಿ ನೀರಿಲ್ಲ. ಮೆಂಬರ್ ಮನಿ ಮುಂದಿನ ನಳ ಮಾತ್ರ ಹಗಲು ರಾತ್ರಿ ಹರಿತೈತಿ."

"ಹೂಂ!"

ಎಲ್ಲರಿಗಿಂತ ಗಟ್ಟಿಯಾಗಿ ಮೊಳಗಿದ ಆ ಕಂಠ ಯಾರದು? ಕಥೆಯಲ್ಲಿ ಮೈಮರೆತಿದ್ದ ಹುಚ್ಚೀರಪ್ಪನದೇ! ಸಾಹೇಬರು ಮೆಲ್ಲಗೆ ಅವನತ್ತ ಕತ್ತು ಹೊರಳಿಸಿದರು. ಸಮುದಾಯಭವನದ ತಗಡು ಹಾರಿಹೋಗುವಂತೆ ಊರು ನಕ್ಕಿತು.

ನಾಳೆಯೇ ಕೆಳಗಿನ ಓಣಿಗೆ ನೀರು ಬಿಡಬೇಕೆಂದು ಸಾಹೇಬರ ಅಪ್ಪಣೆಯಾಯಿತು. ಬೆಳಗಾಗುತ್ತಲೇ ಗಂಗಾವತರಣವನ್ನು ಕಾಣಲು ಓಣಿಗೆ ಓಣಿಯೇ ನೆರೆಯಿತು. ನೀರುಗಂಟಿ ಬಂದ. ಬೀಡಿ ತುಟಿಯಲ್ಲಿಟ್ಟುಕೊಂಡೇ ಮೋರಿಯ ಬಳಿ ಬಗ್ಗಿ ಒಂದು ವಾಲ್ವನ್ನು ಎರಡು ಸುತ್ತು ತಿರುಗಿಸಿದ. ಹೋದ. ಅಷ್ಟೇ. ನಳ ಕೆಮ್ಮಿತು, ತುಕ್ಕು ಉಗುಳಿತು, ಹರಿಯಿತು. ಕರು ಬೆದರಿ ಹಗ್ಗ ಹರಿದುಕೊಂಡು ಓಡಿತು.

ಗಾಳೆವ್ವನ ಕೊಡ ತುಂಬುವಷ್ಟರಲ್ಲಿ ಹುಚ್ಚೀರಪ್ಪ ಬಂದು, ಜನರ ನಡುವೆ ನಿಂತು, ಗಂಟಲು ಸರಿಪಡಿಸಿಕೊಂಡ.

"ಈ ನಳದ ಸಲುವಾಗಿ ನಾ ಎಷ್ಟು ಓಡಾಡೀನಿ ನಿನಗ ಗೊತ್ತಿಲ್ಲೋ ಯಮನೂರಾ. ಜಿಲ್ಲಾದ ತನಕ ಹೋಗಿದ್ದೆ..."

ನಿಲ್ಲಿಸಿ, ಅವನ ಮುಖ ನೋಡಿದ. ಕಾದ.

ಯಮನೂರಪ್ಪ ಬಗ್ಗಿ ಕೊಡ ಎತ್ತಿದ, ಹೆಗಲಿಗಿಟ್ಟುಕೊಂಡ, ಒಂದು ಹೂಂ ಕೂಡ ಅನ್ನದೆ ಮನೆಯ ಕಡೆ ನಡೆದ.