ಮಾವನವರ ಚಾಕು ಮತ್ತು ಮಾಯವಾದ ‘ದ’

ನಾನು ಕರಡು ತಿದ್ದುವವನು. ಮುದ್ರಣಾಲಯದ ಮೂಲೆಯ ಮೇಜಿನಲ್ಲಿ ಕೆಂಪು ಪೆನ್ನು ಹಿಡಿದು ಹದಿನೆಂಟು ವರ್ಷಗಳಿಂದ ಪರರ ತಪ್ಪುಗಳನ್ನು ಬೇಟೆಯಾಡುತ್ತ ಬಂದಿದ್ದೇನೆ. ಒತ್ತಕ್ಷರ ಎಲ್ಲಿ ಜಾರಿತು, ದೀರ್ಘ ಎಲ್ಲಿ ಕುಸಿಯಿತು, ಅಲ್ಪಪ್ರಾಣ ಎಲ್ಲಿ ಮಹಾಪ್ರಾಣದ ವೇಷ ಹಾಕಿತು, ಎಲ್ಲವೂ ನನ್ನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಇಂಥ ನಾನು ಹೋದ ತಿಂಗಳು ಒಂದು ಶನಿವಾರ, ಬನಿಯನ್ನಿಗೆ ಇಲ್ಲದ ತೋಳನ್ನು ಮೇಲಕ್ಕೆ ಮಡಚಿಕೊಂಡು, ಕನ್ನಡಿಯ ಮುಂದೆ ನಿಂತು ಘೋಷಿಸಿದೆ: “ಇವತ್ತು ಮಾವನವರ ಚಾಕುವನ್ನು ಫಳಫಳ ಹೊಳೆಸದಿದ್ದರೆ ನಾನು ಅಳಿಯನೇ ಅಲ್ಲ!”

ಕೇಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಂಡತಿ ತನ್ನ ಹೊಲಿಗೆ ಅಂಗಡಿಗೆ ಹೋಗಿದ್ದಳು. ಅವಳು ಮನೆಯಲ್ಲಿದ್ದಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮಾವನವರ ಪರಿಚಯ ಮಾಡಿಕೊಡಬೇಕು. ಸಸ್ಯಕ್ಷೇತ್ರದಲ್ಲಿ ಮೂವತ್ತೆರಡು ವರ್ಷ ಗಿಡಗಳಿಗೆ ಕಸಿ ಕಟ್ಟಿದವರು. ನಿವೃತ್ತರಾಗಿ ನಮ್ಮ ಜೊತೆಗೇ ಇದ್ದಾರೆ. ಮಾತು ಕಡಿಮೆ, ಚಾಕು ಹರಿತ. ಅಂಗೈಯಷ್ಟುದ್ದದ ಮಡಚುವ ಚಾಕು ಅದು. ಮರದ ಹಿಡಿ ಸವೆದು ಅವರ ಬೆರಳುಗಳ ಆಕಾರವನ್ನೇ ಪಡೆದಿದೆ. ಅಲಗು ಅಡಿಗೆಮನೆಯ ಚಮಚ ತಟ್ಟೆಗಳ ಹಾಗೆ ಸ್ಟೇನ್‌ಲೆಸ್ ಸ್ಟೀಲಿನದಲ್ಲ. ಹಳೆಯ ಕಾಲದ ಅಪ್ಪಟ ಉಕ್ಕು, ಕಡುನೀಲಿಯೋ ಕಪ್ಪೋ ಎಂದು ಹೇಳಲಾಗದ ಬಣ್ಣ. ಆ ಚಾಕುವನ್ನು ಅವರು ಯಾರ ಕೈಗೂ ಕೊಟ್ಟವರಲ್ಲ, ಅದರಲ್ಲೂ ನನ್ನ ಕೈಗೆ. ಮದುವೆಯಾದ ಹೊಸತರಲ್ಲಿ ಅವರ ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟು ಬಂದೆ. ಮರುವರ್ಷ ಅವರ ಟಾರ್ಚನ್ನು ನೀರಿನ ತೊಟ್ಟಿಗೆ ಬೀಳಿಸಿದೆ. ಆಮೇಲೆ ಹನ್ನೊಂದು ವರ್ಷ, ಅವರು ನನ್ನ ಕೈಗೆ ಕೊಟ್ಟಿದ್ದು ಓದಿ ಮುಗಿಸಿದ ಪತ್ರಿಕೆ ಮಾತ್ರ.

ಅಂಥವರು ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಹಿರಿಯ ಮಗಳ ಊರಿಗೆ ಹೊರಟರು. ಬಸ್ಸು ಹೊರಡುವ ಹೊತ್ತಿಗೆ ನನ್ನ ಹೆಂಡತಿ ನೀರಿನ ಬಾಟಲಿ ತರಲು ಓಡಿದ್ದಳು. ಕಿಟಕಿಯಲ್ಲಿ ಕೂತಿದ್ದ ಮಾವ ಜೇಬು ಮುಟ್ಟಿ ನೋಡಿಕೊಂಡರು. ಆಸ್ಪತ್ರೆಗೆ ಚಾಕು ಹಿಡಿದುಕೊಂಡು ಹೋಗುವುದು ಸರಿಯಲ್ಲವೆಂದು ಆಗ ಹೊಳೆದಿರಬೇಕು. ಅತ್ತ ಇತ್ತ ನೋಡಿದರು. ನನ್ನನ್ನು ಬಿಟ್ಟರೆ ಗುರುತಿನ ಇನ್ನೊಬ್ಬ ಮನುಷ್ಯನಿಲ್ಲ. ನಿಟ್ಟುಸಿರು ಬಿಟ್ಟು ಚಾಕುವನ್ನು ನನ್ನ ಕೈಯಲ್ಲಿಟ್ಟರು.

ಅಷ್ಟರಲ್ಲಿ ಎಂಜಿನ್ ಗುಡುಗತೊಡಗಿತು. ಮಾವ ಕಿಟಕಿಯಿಂದ ಬಗ್ಗಿ ಏನೋ ಹೇಳಿದರು. ನನಗೆ ಕೇಳಿಸಿದ್ದು ಇಷ್ಟು: “ಅಳಿಯಂದ್ರೆ, ಕಪ್ಪು ಹೋಗೋ ಹಾಗೆ ನೋಡ್ಕೊಳ್ಳಿ.”

“ನೀವು ನಿಶ್ಚಿಂತೆಯಿಂದ ಹೋಗ್ಬನ್ನಿ ಮಾವ,” ಎಂದು ನಾನೂ ಕೂಗಿದೆ. ಹನ್ನೊಂದು ವರ್ಷಗಳ ನಂತರ ಸಿಕ್ಕ ಅವಕಾಶ! ಆನಂದದಿಂದ ಕಣ್ಣು ತೇವವಾಯಿತು.

ಹೀಗೆ ಆ ಶನಿವಾರ ಕಪ್ಪು ನಿರ್ಮೂಲನಾ ಚಳವಳಿ ಶುರುವಾಯಿತು. ಮೊದಲು ಸಾಬೂನು ಹಾಕಿ ಉಜ್ಜಿದೆ. ಕಪ್ಪು ಮಿಸುಕಲಿಲ್ಲ. ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಕಪ್ಪು ನನ್ನನ್ನು ನೋಡಿ ನಕ್ಕಿತು. ಪಾತ್ರೆ ತಿಕ್ಕುವ ಪುಡಿ, ತಂತಿಯ ಸ್ಕ್ರಬ್ಬರ್, ಕೊನೆಗೆ ಹಳೆಯ ಕಪಾಟಿಗೆ ಬಣ್ಣ ಹೊಡೆಯುವಾಗ ಉಳಿದಿದ್ದ ಸ್ಯಾಂಡ್ ಪೇಪರ್ ಎಲ್ಲವೂ ಒಂದರ ಹಿಂದೊಂದು ರಣರಂಗಕ್ಕೆ ಇಳಿದವು. ಎರಡು ಗಂಟೆಯ ಘೋರ ಯುದ್ಧದ ನಂತರ ಕಪ್ಪು ಸೋತು ಮೋರಿ ಸೇರಿತು. ಅಲಗಿನಲ್ಲಿ ನನ್ನ ಮೀಸೆ ಕಾಣಿಸಿತು!

ಇಷ್ಟಕ್ಕೇ ನಿಲ್ಲಿಸಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಆದರೆ ಹುಮ್ಮಸ್ಸು ನೆತ್ತಿಗೇರಿತ್ತು. ಹರಿತವನ್ನೂ ಮಾಡಿಯೇ ಬಿಡೋಣವೆಂದು ಮಾವನವರ ಸಾಣೆಕಲ್ಲನ್ನು ಹುಡುಕಿ ತೆಗೆದೆ. ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಒಂದು ಕಡೆ ಮಾತ್ರ ಇಳಿಜಾರು, ಇನ್ನೊಂದು ಕಡೆ ಪೂರ್ತಿ ಚಪ್ಪಟೆ. ಪಾಪ, ಕಣ್ಣಿಗೆ ಪೊರೆ ಬಂದ ಮೇಲೆ ಮಾವನವರಿಗೆ ಇನ್ನೊಂದು ಕಡೆ ಮಸೆಯುವುದು ಮರೆತೇ ಹೋಗಿದೆ ಎಂದುಕೊಂಡೆ. ಈ ಪಕ್ಷಪಾತ ಸಲ್ಲದು. ಎರಡು ಪಕ್ಕಗಳಿಗೂ ಸಮಾನ ನ್ಯಾಯ ದೊರಕಿಸಿದೆ. ಚರಚರ ಎಂದು ಅರ್ಧ ಗಂಟೆ ಮಸೆದೆ. ಪರೀಕ್ಷೆಗೆಂದು ಒಂದು ಹಳೆಯ ಕರಡು ಹಾಳೆ ಹಿಡಿದು ಕೊಯ್ದರೆ, ಹಾಳೆ ಮುದುಡಿಕೊಂಡಿತೇ ಹೊರತು ಹರಿಯಲಿಲ್ಲ. ಹಾಳೆ ಹರಿಯದ ಚಾಕು ನನ್ನ ಹೆಬ್ಬೆರಳನ್ನು ಮಾತ್ರ ಸಲೀಸಾಗಿ ಹರಿಯಿತು.

ಬೆರಳಿಗೆ ಬಟ್ಟೆ ಸುತ್ತಿಕೊಂಡು, ಚಾಕುವನ್ನು ಸಾಬೂನು ನೀರಿನ ಬಟ್ಟಲಲ್ಲಿ ನೆನೆಹಾಕಿ, ದಣಿದ ಯೋಧನಂತೆ ಸ್ವಲ್ಪ ಅಡ್ಡಾದೆ.

ಎದ್ದಾಗ ಬಾಗಿಲಲ್ಲಿ ಹೆಂಡತಿಯ ಚಪ್ಪಲಿ ಕಾಣಿಸಿತು. ಅಡಿಗೆಮನೆ ನಿಶ್ಶಬ್ದವಾಗಿತ್ತು. ನಮ್ಮ ಮನೆಯಲ್ಲಿ ನಿಶ್ಶಬ್ದ ಒಳ್ಳೆಯ ಲಕ್ಷಣವಲ್ಲ.

“ರೀ, ಬಟ್ಟಲಲ್ಲಿ ಇರೋದೇನು?”

“ನಿಮ್ಮಪ್ಪನ ಚಾಕು. ಗುರುತೇ ಸಿಗ್ಲಿಲ್ಲ ಅಲ್ವಾ?” ಎಂದು ಎದೆ ಉಬ್ಬಿಸಿದೆ.

“ಇಲ್ಲ. ನಿಜವಾಗ್ಲೂ ಸಿಗ್ಲಿಲ್ಲ.”

ಅವಳು ಚಾಕುವನ್ನು ಎತ್ತಿ ಹಿಡಿದಳು. ನನ್ನ ಮೀಸೆ ಕಂಡಿದ್ದ ಜಾಗದಲ್ಲಿ ಕೇಸರಿ ಬಣ್ಣದ ಚುಕ್ಕೆಗಳು ಎದ್ದಿದ್ದವು. ತುಕ್ಕು! ಮೂರೇ ಗಂಟೆಯಲ್ಲಿ ತುಕ್ಕು!

“ಕಪ್ಪೆಲ್ಲಿ?” ಎಂದಳು.

“ತೆಗೆದೆ. ಬಸ್ಸು ಹೊರಡೋವಾಗ ನಿಮ್ಮಪ್ಪಾನೇ ಹೇಳಿದ್ರು.”

“ನಮ್ಮಪ್ಪ? ಕಪ್ಪು ತೆಗೀರಿ ಅಂತ? ರೀ, ಆ ಕಪ್ಪು ಕೊಳೆ ಅಲ್ಲ. ಮೂವತ್ತು ವರ್ಷ ಗಿಡದ ರಸ ಕುಡಿದು ಕುಡಿದು ಬಂದಿರೋದು. ಅದಿದ್ರೆ ತುಕ್ಕು ಹತ್ರ ಬರಲ್ಲ. ನನ್ನ ಕತ್ತರಿಗೆ ಎಣ್ಣೆ ಹಾಕೋವಾಗೆಲ್ಲ ಅಪ್ಪ ಇದನ್ನೇ ಹೇಳೋದು.”

“ನನ್ನ ಕಿವಿಯಾರೆ ಕೇಳಿದೀನಿ ಕಣೇ. ಅಕ್ಷರ ತಪ್ಪೋ ಕಿವಿಯಲ್ಲ ಇದು.”

ಅವಳು ಫೋನೆತ್ತಿ ಸ್ಪೀಕರ್ ಒತ್ತಿದಳು. “ಅಪ್ಪ, ಬಸ್ಸಲ್ಲಿ ಇವ್ರಿಗೆ ಚಾಕು ವಿಷಯ ಏನು ಹೇಳಿದ್ದೆ?”

ಅತ್ತಲಿಂದ ಮಾವನವರ ಧ್ವನಿ ಸ್ಪಷ್ಟವಾಗಿ, ನಿಧಾನವಾಗಿ, ಎಂಜಿನ್ನಿನ ಹಂಗಿಲ್ಲದೆ ಬಂತು: “ಕಪ್ಪು ಹೋಗದ ಹಾಗೆ ನೋಡ್ಕೊಳ್ಳಿ ಅಂದಿದ್ದೆ. ಯಾಕಮ್ಮ?”

“ಸುಮ್ನೆ ಕೇಳ್ದೆ. ನೀನು ಕಣ್ಣು ಜೋಪಾನ ಮಾಡ್ಕೋ.”

ಹೋಗದ ಹಾಗೆ! ಒಂದು ‘ದ’! ಹದಿನೆಂಟು ವರ್ಷಗಳಲ್ಲಿ ಸಾವಿರಾರು ‘ದ’ಗಳನ್ನು ಅವುಗಳ ಜಾಗದಲ್ಲಿ ಕೂರಿಸಿದವನು, ಬೇಕಾಗಿದ್ದ ಒಂದೇ ಒಂದು ‘ದ’ವನ್ನು ಬಸ್ಸಿನ ಹೊಗೆಯಲ್ಲಿ ಕಳೆದುಕೊಂಡಿದ್ದೆ. ಚಾಕುವಿನ ಕಪ್ಪೆಲ್ಲ ನನ್ನ ಮುಖಕ್ಕೆ ಬಂದು ಕೂತಿತು.

“ಯಾವಾಗ ಬರ್ತಾರೆ?” ಎಂದೆ.

“ಗುರುವಾರ.”

“ಹಾಗಾದ್ರೆ ಇನ್ನೂ ಐದು ದಿನ ಇದೆ. ಮೂವತ್ತು ವರ್ಷದ ಕಪ್ಪನ್ನ ಐದೇ ದಿನದಲ್ಲಿ ತರ್ತೀನಿ, ನೋಡ್ತಿರು!”

“ಚಾಕು ಸಾಕು ಮಾಡಿ ಅಂದ್ರೆ ಕೇಳ್ತೀರಾ ನೀವು?” ಎಂದು ಅವಳು ತುಕ್ಕನ್ನು ತಾನೇ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ ಕೊಟ್ಟಳು.

ಗಿಡದ ರಸ ಕಪ್ಪು ತರುತ್ತದೆ ಎಂದ ಮೇಲೆ ತರಕಾರಿಯ ರಸ ಯಾಕೆ ತರಬಾರದು? ಭಾನುವಾರ ಮೂರು ಕೆಜಿ ಈರುಳ್ಳಿ ಹೆಚ್ಚಿದೆ. ಚಾಕು ಮೊಂಡಾಗಿದ್ದರಿಂದ ಹೆಚ್ಚಿದೆ ಅನ್ನುವುದಕ್ಕಿಂತ ಜಜ್ಜಿದೆ ಅನ್ನುವುದೇ ಸರಿ. ಕಣ್ಣೀರು ಧಾರಾಕಾರವಾಗಿ ಹರಿಯಿತು. ಅದರಲ್ಲಿ ಪಶ್ಚಾತ್ತಾಪದ್ದೆಷ್ಟು, ಈರುಳ್ಳಿಯದ್ದೆಷ್ಟು ಎಂದು ವಿಂಗಡಿಸಲು ಆಗಲಿಲ್ಲ. ಸೋಮವಾರ ಟೊಮೇಟೊ. ಮಂಗಳವಾರ ಒಂದು ಬುಟ್ಟಿ ಆಲೂಗೆಡ್ಡೆಗೆ ಚಾಕು ಚುಚ್ಚಿ ಚುಚ್ಚಿ ತೆಗೆದೆ. ಆ ವಾರ ಊಟಕ್ಕೂ ತಿಂಡಿಗೂ ಆ ಮೂರೇ ಪದಾರ್ಥಗಳು. ಕಚೇರಿಯಲ್ಲಿ ಪಕ್ಕದ ಮೇಜಿನವರು, “ಏನ್ಸಾರ್, ಪ್ರೂಫ್ ಹಾಳೆ ಈರುಳ್ಳಿ ವಾಸನೆ ಹೊಡೀತಿದೆ,” ಎಂದು ಕುರ್ಚಿ ಎಳೆದುಕೊಂಡು ದೂರ ಹೋದರು. ಅಲಗು ಮಾತ್ರ ಬೂದುಬಣ್ಣಕ್ಕೆ ತಿರುಗಿ ಅಲ್ಲಿಯೇ ಮುಷ್ಕರ ಹೂಡಿತು.

ಬುಧವಾರ ತಾಳ್ಮೆ ಕೈಕೊಟ್ಟಿತು. ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಚಾಕುವಿಗೆ ಸುತ್ತಿ ಇಟ್ಟೆ. ಸಂಜೆ ಬಿಚ್ಚಿದರೆ, ಬಟ್ಟೆ ತಾಗಿದಲ್ಲಿ ಕಪ್ಪು, ತಾಗದಲ್ಲಿ ಬಿಳುಪು!

“ಇದೇನು ಹಸುನಾ?” ಎಂದಳು ಹೆಂಡತಿ.

“ಬೂಟಿನ ಪಾಲಿಶ್ ಸವರಿದ್ರೆ ಒಂದೇ ಬಣ್ಣ ಬರಬಹುದೇನೋ...”

“ಸವರಿ. ಆಮೇಲೆ ಅದ್ರಲ್ಲೇ ಅಪ್ಪ ಸೇಬು ಕೊಯ್ದು ನಿಮಗೇ ಮೊದಲ ಹೋಳು ಕೊಡ್ತಾರೆ.”

ಪಾಲಿಶ್ ಡಬ್ಬಿ ಕೆಳಗಿಟ್ಟೆ. ಈಗ ಉಳಿದಿದ್ದು ಒಂದೇ ಆಸೆ. ಮಾವನವರಿಗೆ ಆಪರೇಷನ್ ಆಗಿದೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿರುತ್ತಾರೆ. ಕಪ್ಪು ಕನ್ನಡಕದಲ್ಲಿ ಲೋಕವೆಲ್ಲ ಕಪ್ಪಾಗಿ ಕಾಣುವಾಗ ಒಂದು ಚಾಕು ಕಾಣದೇ?

ಗುರುವಾರ ಮಾವ ಬಂದರು. ಕಪ್ಪು ಕನ್ನಡಕ ಇತ್ತು. ನನಗೆ ಜೀವ ಬಂತು. ಕೂತವರೇ ನೀರು ಕೇಳಲಿಲ್ಲ, ಕಾಫಿ ಕೇಳಲಿಲ್ಲ, ಕೈ ಚಾಚಿದರು. ಬಟ್ಟೆಯಲ್ಲಿ ಸುತ್ತಿದ್ದ ಚಾಕುವನ್ನು ಕೊಟ್ಟೆ. ಬಿಚ್ಚುತ್ತಾ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮಾವ, ಕನ್ನಡಕ ತೆಗೀಬಾರದು,” ಎಂದೆ.

“ಅದು ಬಿಸಿಲಿಗೆ ಮಾತ್ರ. ಈಗ ಕಣ್ಣು ಎಷ್ಟು ಚುರುಕಾಗಿದೆ ಗೊತ್ತಾ ಅಳಿಯಂದ್ರೆ? ಅಗೋ, ಆ ಗೋಡೆ ಮೇಲೆ ಓಡ್ತಿರೋ ಇರುವೆ ಕಾಲನ್ನ ಬೇಕಾದ್ರೆ ಎಣಿಸ್ತೀನಿ.”

ಅಲಗನ್ನು ಬಿಚ್ಚಿದರು. ನೋಡಿದರು. ತಿರುಗಿಸಿ ನೋಡಿದರು. ಮೂಗಿನ ಹತ್ತಿರ ಹಿಡಿದರು. “ಈರುಳ್ಳಿ,” ಎಂದರು. ಇನ್ನೊಮ್ಮೆ ಮೂಸಿದರು. “ಟೊಮೇಟೊ. ನಿಂಬೆಹಣ್ಣು. ಇದು ಚಾಕುನೋ, ಅಡಿಗೆಮನೇನೋ?”

ನಾನು ತಪ್ಪೊಪ್ಪಿಕೊಂಡೆ. ಬಸ್ಸು, ಎಂಜಿನ್, ‘ದ’, ಸ್ಯಾಂಡ್ ಪೇಪರ್, ಸಮಾನ ನ್ಯಾಯ, ವಿನೆಗರ್, ಒಂದನ್ನೂ ಬಚ್ಚಿಡಲಿಲ್ಲ. ಹನ್ನೊಂದು ವರ್ಷ ಕಾದು ಪಡೆದ ನಂಬಿಕೆಯನ್ನು ಎರಡು ಗಂಟೆಯಲ್ಲಿ ಉಜ್ಜಿ ಹಾಕಿದ್ದೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಮಾವ ಅಲಗನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ಭುಜ ಕುಣಿಯತೊಡಗಿತು. ನಗುತ್ತಿದ್ದರು!

“ಅಲ್ಲಿ ಡಾಕ್ಟರು ನನ್ನ ಕಣ್ಣಿನ ಪೊರೆ ತೆಗೆದ್ರು, ಇಲ್ಲಿ ನೀವು ಚಾಕುವಿನ ಪೊರೆ ತೆಗೆದ್ರಿ. ಇಬ್ಬರಿಗೂ ಒಂದೇ ದಿನ ಆಪರೇಷನ್ ಆಗಿದೆ.”

ಸಾಣೆಕಲ್ಲು ತರಿಸಿ, ನೀರು ಚಿಮುಕಿಸಿ ಮಸೆಯಲು ಕೂತರು. ಕಸಿ ಚಾಕುವಿಗೆ ಇಳಿಜಾರು ಒಂದೇ ಕಡೆ ಇರಬೇಕಂತೆ, ಆಗಲೇ ಕಡ್ಡಿಯ ಕೊಯ್ತ ನೇರ ಬಂದು ಗಿಡಕ್ಕೆ ಗಿಡ ಬೆಸೆದುಕೊಳ್ಳುವುದಂತೆ. ನಾನು ಮಾಡಿದ ಎರಡನೆಯ ಇಳಿಜಾರನ್ನು ಕಲ್ಲಿಗೆ ಚಪ್ಪಟೆಯಾಗಿ ಒತ್ತಿ ಒತ್ತಿ ತೆಗೆದರು. ಕೊನೆಗೆ ಅದೇ ಕರಡು ಹಾಳೆಯನ್ನು ಹಿಡಿದು ಎಳೆದರೆ, ಸದ್ದೇ ಇಲ್ಲದೆ ಎರಡು ಹೋಳಾಯಿತು.

“ಕಪ್ಪು ಮತ್ತೆ ಬರುತ್ತೆ ಬಿಡಮ್ಮ,” ಎಂದರು ಮಗಳಿಗೆ. “ಚಾಕುವಿನ ಮೊಂಡುತನ ನಾನು ಒಂದು ಗಂಟೇಲಿ ಬಿಡಿಸ್ದೆ. ಇನ್ನೊಂದು ಮೊಂಡು ನಿನ್ನ ಪಾಲಿಗೆ ಬಿಟ್ಟಿದ್ದು.” ಅವಳು ಇವತ್ತಿನವರೆಗೂ ಅದನ್ನು ನೆನೆಸಿಕೊಂಡು ನಗುತ್ತಾಳೆ.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೊನ್ನೆ ಮಾವ ಕಣ್ಣಿನ ಮರುತಪಾಸಣೆಗೆ ಹೊರಟರು. ಈ ಸಲ ಬಸ್ಸಿನ ತನಕ ಕಾಯಲಿಲ್ಲ, ಮನೆಯಲ್ಲೇ ಚಾಕುವನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

“ಅಳಿಯಂದ್ರೆ, ನಿಮ್ಮ ಕೆಂಪು ಪೆನ್ನು ಕೊಡಿ. ಈ ಸಲ ಬರೆದೇ ಕೊಡ್ತೀನಿ. ಕಿವಿ ನಂಬೋದು ಬೇಡ.”

ನನ್ನ ಹೃದಯ ಅರಳಿತು. ಮತ್ತೊಂದು ಅವಕಾಶ! ಜೇಬಿನಿಂದ ಪೆನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟೆ. ಅವರು ಮೂರು ಸಾಲು ಬರೆದು, ಚೀಟಿ ಮಡಚಿ, ಚಾಕುವಿನ ಜೊತೆಗೆ ನನ್ನ ಚಾಚಿದ ಕೈಯನ್ನು ದಾಟಿಸಿ ಮಗಳ ಕೈಯಲ್ಲಿಟ್ಟು ಹೊರಟುಹೋದರು.

ಅವಳು ಓದಿ, ಚಾಕುವನ್ನು ಕತ್ತರಿಯ ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಚೀಟಿಯನ್ನು ನನ್ನ ಮುಂದೆ ಹಿಡಿದಳು. ಮೂರು ಸಾಲಿನಲ್ಲೂ ‘ದ’ಕ್ಕೆ ದುಂಡಗೆ ಕೆಂಪು ಸುತ್ತು ಹಾಕಲಾಗಿತ್ತು:

ನೀರು ತಾಗದ ಹಾಗೆ.
ಎಣ್ಣೆ ಆರದ ಹಾಗೆ.
ಅಳಿಯಂದಿರ ಕೈಗೆ ಸಿಗದ ಹಾಗೆ.

ಅಭ್ಯಾಸ ಬಲದಿಂದ ಎರಡೆರಡು ಸಲ ಓದಿದೆ. ಹದಿನೆಂಟು ವರ್ಷದ ಅನುಭವದಿಂದ ಹೇಳುತ್ತೇನೆ, ಆ ಚೀಟಿಯಲ್ಲಿ ತಿದ್ದುವಂಥ ತಪ್ಪು ಒಂದೂ ಇರಲಿಲ್ಲ.